ಇಲಿ ಹೇಳಿದ್ದು, ಹೇಳದೆ ಉಳಿದದ್ದು

ಬಂಗಾರಪೇಟೆಯ ಮಿತ್ರರೇ, ಪಕ್ಕದ ಕೆ.ಜಿ.ಎಫ್.ನ ಗಣಿಯಾಳದಲ್ಲಿ 1965ರಲ್ಲಿ ನ್ಯೂಟ್ರಿನೊ ಪತ್ತೆಯಾದದ್ದು ತಮಗೆ ಗೊತ್ತು. ಮೇಲಿನ ಬಂಡೆ ಉಳಿದ ಕಿರಣಗಳನ್ನು ತಡೆದದ್ದರಿಂದ ಆ ಕಣ ಸಿಕ್ಕಿತು. ಹಾರ್ಮೋನುಗಳ ಶೋಧದಲ್ಲಿ ಕ್ರಮ ತಿರುಗುಮುರುಗು: ಒಂದನ್ನಷ್ಟೇ ತಡೆದು, ಉಳಿದ ದೇಹ ಏನು ಮಾಡುತ್ತದೆಂದು ನೋಡುವುದು. ಇದಕ್ಕೆ ಇಲಿ ಅನುಕೂಲ. ಅದರ ಬಸಿರು ಸುಮಾರು 22 ದಿನದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಎಚ್.ಜಿ. ಮಧ್ವರಾಜ್ ಬಸುರಿ ಇಲಿಗಳಿಗೆ ಎಲ್.ಎಚ್. ಎಂಬ ಹಾರ್ಮೋನನ್ನು ತಡೆಯುವ ಪ್ರತಿಕಾಯ ಚುಚ್ಚಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಹಾರ್ಮೋನು ಅದು. ಗರ್ಭ ನಿಲ್ಲಲಿಲ್ಲ. ಜೊತೆಗೆ ಪ್ರೊಜೆಸ್ಟರೋನ್ ಕೊಟ್ಟಾಗ ನಿಂತಿತು! ಅಂದರೆ ಅಂಡಾಶಯದಿಂದ ಪ್ರೊಜೆಸ್ಟರೋನ್ ಹೊರಡಿಸುವುದೇ ಎಲ್.ಎಚ್.ನ ಕೆಲಸವಾಗಿತ್ತು. 12ನೇ ದಿನದ ನಂತರ ಚುಚ್ಚಿದರೆ ಗರ್ಭಕ್ಕೆ ಏನೂ ಆಗಲಿಲ್ಲ. ಅಷ್ಟರಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಸ್ರವಿಸುವ ಹಾರ್ಮೋನು ಅಂಡಾಶಯದ ಉಸ್ತುವಾರಿ ವಹಿಸಿಕೊಂಡಿರುತ್ತದೆ. ಈ ಸಂಶೋಧನೆ 1970ರಲ್ಲಿ ಪ್ರಕಟವಾಯಿತು.

ಹಾಗೆಂದು ಇಲಿಯನ್ನು ಪುಟ್ಟ ಮನುಷ್ಯ ಎಂದುಕೊಳ್ಳಬಾರದು. ಇಲಿಯ ಅಂಡಾಶಯ ಬಸಿರಿನ ಕೊನೆಯವರೆಗೂ ದುಡಿಯಬೇಕು. ಹೆಂಗಸರಲ್ಲಿ ಸುಮಾರು 2 ತಿಂಗಳಾದ ಮೇಲೆ ಮಾಸೇ ಸಾಕಷ್ಟು ಪ್ರೊಜೆಸ್ಟರೋನ್ ತಯಾರಿಸುತ್ತದೆ. ಇಲಿಯಲ್ಲಿ ಬಸಿರು ತಡೆದ ಮದ್ದು ಮನುಷ್ಯರಲ್ಲೂ ತಡೆದೀತೆಂಬ ಭರವಸೆ ಇಲ್ಲ. ಮೌದ್ಗಲರ ಪ್ರಯೋಗಶಾಲೆ ವರ್ಷಗಟ್ಟಲೆ, ಈ ಸೀಮೆಯಲ್ಲೂ ಕಾಣುವ ಬಾನೆಟ್ ಕೋತಿಗಳ ಮೇಲೆ ಸಂಶೋಧನೆ ನಡೆಸಿತು.