ಬರೆಸಿಕೊಂಡ ಮುಖ, ಊರು ಹೇಳುವ ಕಥೆ



ನಾವಿಂದು ಸೇರಿರುವ ಈ ನಂದಿಯಲ್ಲಿ ಒಂಬತ್ತನೆಯ ಶತಮಾನದ ಆರಂಭದಲ್ಲಿ ಬಾಣರ ರಾಣಿ ರತ್ನಾವಳಿ ಶಿವಾಲಯ ಕಟ್ಟಿಸಿದಳು. ಆಕೆಯ ಹೆಸರು ಉಳಿಯಿತು, ಮುಖ ಉಳಿಯಲಿಲ್ಲ. ಮುಖವೂ ಉಳಿದಾಗ ಇತಿಹಾಸಕಾರರ ಹೊಣೆ ಹೆಚ್ಚುತ್ತದೆ. ಭಾವಚಿತ್ರವೆಂದರೆ ಬರೆಸಿಕೊಂಡವರು ತಮ್ಮ ಬಗ್ಗೆ ಕೊಟ್ಟ ಹೇಳಿಕೆ. ಊರ ಬಾಯಲ್ಲಿರುವ ಕಥೆ ಇನ್ನೊಂದು ಹೇಳಿಕೆ. ಎರಡನ್ನೂ ಎದುರುಬದುರು ಇಟ್ಟು ಓದಬೇಕೆಂಬುದೇ ಈ ವಿಚಾರ ಸಂಕಿರಣದ ಆಶಯ.

ಮೊದಲು ದೂರದ ಒಂದು ಉದಾಹರಣೆ ನೋಡೋಣ. ಐರ್ಲೆಂಡಿನ ಡೆರಿಯ ಬಿಷಪ್ ಫ್ರೆಡರಿಕ್ ಹರ್ವಿ 1779ರಲ್ಲಿ ಬ್ರಿಸ್ಟಲ್‌ನ ನಾಲ್ಕನೆಯ ಅರ್ಲ್ ಆದ. ಧರ್ಮಪೀಠದ ಆದಾಯ, ಮನೆತನದ ಆಸ್ತಿ ಎರಡನ್ನೂ ಚಿತ್ರ, ಶಿಲ್ಪ, ಪ್ರವಾಸಗಳಿಗೆ ಸುರಿದ. ಅವನ ವಿಚಿತ್ರ ನಡವಳಿಕೆಯ ಸುದ್ದಿ ದೂರದೂರಕ್ಕೆ ಹಬ್ಬಿತ್ತು. 1790ರಲ್ಲಿ ಎಲಿಜಬೆತ್ ವಿಜೆ ಲೆ ಬ್ರಾಂ ಬರೆದ ಭಾವಚಿತ್ರದಲ್ಲಿ ಅವನ ಹಿಂದೆ ವೆಸೂವಿಯಸ್ ಕಾಣುತ್ತದೆ. ಆ ಜ್ವಾಲಾಮುಖಿಯನ್ನು ಹತ್ತಿರದಿಂದ ನೋಡಲು ಹೋಗಿ 1766ರಲ್ಲಿ ತೋಳಿಗೆ ಕಲ್ಲೇಟು ತಿಂದವನು ಅವನು. ರೋಮಿನಲ್ಲಿದ್ದ ಅವನ ಸಂಗ್ರಹವನ್ನು 1798ರಲ್ಲಿ ಫ್ರೆಂಚರು ವಶಪಡಿಸಿಕೊಂಡರು. ಕಲಾಕೃತಿಗಳನ್ನು ಇಡಲೆಂದು ಕಟ್ಟಿಸುತ್ತಿದ್ದ ಇಕ್‌ವರ್ತ್ ಸೌಧ 1803ರಲ್ಲಿ ಅವನು ತೀರಿಕೊಂಡಾಗ ಇನ್ನೂ ಮುಗಿದಿರಲಿಲ್ಲ.

ಇಂಥದೇ ಉದಾಹರಣೆ ನಮ್ಮ ಹತ್ತಿರದಲ್ಲೂ ಇದೆ. ನಮ್ಮ ಗೌರಿಬಿದನೂರು ದಾಟಿ ಹಿಂದೂಪುರದ ಹಾದಿ ಹಿಡಿದರೆ ಲೇಪಾಕ್ಷಿ. ಅಲ್ಲಿನ ವೀರಭದ್ರ ದೇವಾಲಯವನ್ನು 1530ರ ದಶಕದಲ್ಲಿ, ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ಪೆನುಕೊಂಡೆಯ ವಿರೂಪಣ್ಣ, ವೀರಣ್ಣ ಸೋದರರು ಬೆಳೆಸಿದರು. ವಿರೂಪಣ್ಣ ಧರ್ಮಗುರುವಲ್ಲ. ಆದರೂ ಅಧಿಕಾರ, ಭಕ್ತಿ, ಕಲೆಯ ಹಂಬಲ ಮೂರೂ ಒಬ್ಬನಲ್ಲೇ ಕೂಡಿದ್ದರಿಂದ ಅವನನ್ನು ಹರ್ವಿಯ ಜತೆಗಿಟ್ಟು ನೋಡಬಹುದು. ಅರ್ಧಮಂಟಪದ ಛಾವಣಿಯಲ್ಲಿ ಬೃಹತ್ ವೀರಭದ್ರನ ಜತೆ ಸೋದರರ ಚಿತ್ರವೂ ಇದೆ: ತಲೆಯ ಮೇಲೆ ಎತ್ತರದ ಕುಲ್ಲಾಯಿ, ಮೈಮೇಲೆ ಚಿತ್ತಾರದ ಬಟ್ಟೆ, ಸುತ್ತ ಪರಿವಾರ, ದೇವರ ಮುಂದೆ ವಿನಯ.

ಜನ ಹೇಳುವುದು ಬೇರೆ. ರಾಯರ ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆರೋಪ ಬಂದಾಗ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಕಲ್ಯಾಣ ಮಂಟಪವಂತೂ ಅಪೂರ್ಣವಾಗಿಯೇ ನಿಂತಿದೆ.

ಈ ಕಥೆಯನ್ನು ಶಾಸನದಂತೆ ನಂಬಬೇಕಿಲ್ಲ, ಕಟ್ಟುಕಥೆಯೆಂದು ತಳ್ಳಲೂ ಬಾರದು. ಇಷ್ಟೆಲ್ಲ ಕಟ್ಟಿದ್ದು ಯಾರ ದುಡ್ಡಿನಿಂದ ಎಂಬ ಜನರ ಪ್ರಶ್ನೆ ಅದರಲ್ಲಿದೆ. ಆ ಪ್ರಶ್ನೆಗೆ ಛಾವಣಿಯ ಚಿತ್ರ ಬಾಯಿ ಬಿಡುವುದಿಲ್ಲ. ಆ ಕಾಲದ ನೇಯ್ಗೆ, ಉಡುಗೆ, ಅಂತಸ್ತುಗಳ ವಿವರವನ್ನು ಕಥೆ ಉಳಿಸಿಕೊಂಡಿಲ್ಲ. ಅದೆಲ್ಲ ಚಿತ್ರದಲ್ಲಿ ಉಳಿದಿದೆ.

2022ರಲ್ಲಿ ಲೇಪಾಕ್ಷಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಸಂತೋಷದ ಸಂಗತಿ. ಆದರೆ ಅಲ್ಲಿ ಬಣ್ಣ ಮಾಸಿದೆ, ಗಾರೆ ಹಲವೆಡೆ ಉದುರಿದೆ. ಈ ಸೀಮೆಯ ಯುವ ಸಂಶೋಧಕರು ಅಲ್ಲಿನ ಕನ್ನಡ ಶಾಸನಗಳನ್ನು ಓದಲಿ, ಊರ ಹಿರಿಯರು ಹೇಳುವ ಕಥೆಗಳನ್ನು ಬರೆದುಕೊಳ್ಳಲಿ, ಚಿತ್ರಗಳನ್ನು ಅಂಗುಲ ಅಂಗುಲವಾಗಿ ದಾಖಲಿಸಲಿ. ಇಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧವೂ ತಾನು ಆಯ್ದ ಚಿತ್ರಕ್ಕೆ ಮೂರು ಪ್ರಶ್ನೆ ಹಾಕಲಿ: ಬರೆಸಿದವರು ಯಾರು, ಹಣ ಯಾರದು, ಚಿತ್ರದಿಂದ ಹೊರಗುಳಿದವರು ಯಾರು? ಈ ಮೂರಕ್ಕೂ ಉತ್ತರ ಹುಡುಕುವ ಪರಿಶ್ರಮದಿಂದಲೇ ನಮ್ಮ ಕಲೆಯ ಚರಿತ್ರೆ ಜನರ ಚರಿತ್ರೆಯೂ ಆಗುತ್ತದೆ.