ಎರಕದ ಮನೆಯ ಧೂಳು

ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳಲ್ಲಿ ಪಂಪು, ವಾಲ್ವು, ಮೋಟಾರು, ವಾಹನಗಳ ಎರಕದ ಭಾಗಗಳು ತಯಾರಾಗುತ್ತವೆ. ಎರಡೂ ಖಾನಾಪುರ ರಸ್ತೆಯ ದಿಕ್ಕಿಗಿವೆ. ಉದ್ಯಮಬಾಗಕ್ಕಂತೂ ಹಿಂದವಾಡಿ, ಟಿಳಕವಾಡಿಗಳಂಥ ವಸತಿ ಬಡಾವಣೆಗಳು ತೀರ ಹತ್ತಿರ.

ಕಬ್ಬಿಣ ಕರಗಿಸುವ ಹಳೆಯ ಕುಲುಮೆ ಕ್ಯೂಪೋಲಾ. ಉಕ್ಕಿನ ಎತ್ತರದ ಕೊಳವೆಯಲ್ಲಿ ಕೋಕ್, ಸುಣ್ಣಕಲ್ಲು, ಬೀಡು, ಗುಜರಿ ಕಬ್ಬಿಣವನ್ನು ಪದರ ಪದರವಾಗಿ ತುಂಬಿ ಕೆಳಗಿನಿಂದ ಗಾಳಿ ಊದುತ್ತಾರೆ. ಆ ಗಾಳಿ ಕೋಕಿನ ಪುಡಿ, ಬೂದಿ, ಕಾರ್ಬನ್ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್‌ಗಳನ್ನು ಹೊತ್ತು ಮೇಲೇರುತ್ತದೆ. ಗಂಟೆಗೆ 3 ಟನ್ನಿಗಿಂತ ಕಡಿಮೆ ಕರಗಿಸುವ ಕ್ಯೂಪೋಲಾಗೆ ಘನ ಮೀಟರಿಗೆ 450 ಮಿಲಿಗ್ರಾಂ ಕಣಗಳ ಮಿತಿಯಿದೆ, ದೊಡ್ಡದಕ್ಕೆ 150. ಎರಡು ಸಾಲು ರಂಧ್ರಗಳಿಂದ ಗಾಳಿ ಊದಿದರೆ ಕಡಿಮೆ ಕೋಕಿನಲ್ಲೇ ಅಷ್ಟು ಕಬ್ಬಿಣ ಕರಗುತ್ತದೆ. ಟೆರಿ ಸಂಸ್ಥೆ 1998ರಲ್ಲಿ ಹೌರಾದಲ್ಲಿ ಹೊಗೆಯ ಧೂಳನ್ನು ನೀರಿನಿಂದ ಹಿಡಿಯುವ ವೆಂಚುರಿ ಸ್ಕ್ರಬ್ಬರಿನೊಡನೆ ಇದನ್ನು ಮಾಡಿ ತೋರಿಸಿತು. ವಿದ್ಯುತ್ತಿನಿಂದ ಕಾಯುವ ಇಂಡಕ್ಷನ್ ಕುಲುಮೆಗೆ ಕೋಕ್ ಬೇಡ. ಆದರೂ ಎಣ್ಣೆ, ಬಣ್ಣ ಹತ್ತಿದ ಗುಜರಿ ಹಾಕಿದರೆ ಅಲ್ಲೂ ದಟ್ಟ ಹೊಗೆ ಏಳುತ್ತದೆ.

ಚಿಮಣಿ ಎತ್ತರಿಸಿದರೆ ಧೂಳು ದೂರ ಹರಡುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಚಳಿಗಾಲದ ಮುಂಜಾವು ನೆಲ ತಣಿದು, ಮೇಲಿನ ಗಾಳಿ ಬೆಚ್ಚಗಿದ್ದರೆ ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ.

ಹೊಗೆಗಿಂತ ಹೆಚ್ಚು ಭಯಪಡಬೇಕಾದದ್ದು ನಾಕೌಟ್ ಜಾಗದ ಧೂಳಿಗೆ. ಎರಕ ಗಟ್ಟಿಯಾದ ಮೇಲೆ ಅಚ್ಚನ್ನು ಅದುರುವ ಜಾಲರಿಯ ಮೇಲೆ ಒಡೆಯುತ್ತಾರೆ. ಬೆಂಟೊನೈಟ್, ಕಲ್ಲಿದ್ದಲ ಪುಡಿ ಬೆರೆತ ಸಿಲಿಕಾ ಮರಳು ಕಾದು ಒಣಗಿರುತ್ತದೆ. ಬಿಸಿ ಆವಿಯೊಡನೆ ಅದು ಕೆಲಸಗಾರನ ಮುಖದೆತ್ತರಕ್ಕೆ ಚಿಮ್ಮುತ್ತದೆ. ದಪ್ಪ ಕಣ ಮೂಗಿನಲ್ಲೇ ಸಿಕ್ಕಿಬೀಳುತ್ತದೆ. 5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಕೊನೆಯ ಗಾಳಿಗೂಡಿಗಿಳಿದು, ಅಲ್ಲಿನ ಮೃದು ಅಂಗಾಂಶವನ್ನು ಗಡಸು ಮಾಡುತ್ತದೆ. ಈ ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ಮೂಗಿಗೆ ಕಟ್ಟಿದ ಕರ್ಚೀಪು ಆ ಕಣವನ್ನು ತಡೆಯುವುದೂ ಇಲ್ಲ.

ಧೂಳು ಹುಟ್ಟಿದಲ್ಲೇ ಅದನ್ನು ಎಳೆದುಕೊಳ್ಳುವುದೇ ಸರಿಯಾದ ದಾರಿ. ಅದಕ್ಕೆ ಗಾಳಿ ಎಳೆಯುವ ಬಾಯಿ, ಅಂದರೆ ಹುಡ್, ಜಾಲರಿಗೆ ಆದಷ್ಟೂ ಸಮೀಪವಿರಬೇಕು: ಒಂದಡಿ ಇದ್ದದ್ದು ಎರಡಡಿಗೆ ಸರಿದರೆ ಎಳೆತ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಎಳೆದ ಗಾಳಿ ಮೊದಲು ಸೈಕ್ಲೋನಿನಲ್ಲಿ ಗಿರ್ರನೆ ಸುತ್ತಿ ದಪ್ಪ ಮರಳನ್ನು ಉದುರಿಸುತ್ತದೆ, ಬಳಿಕ ಬ್ಯಾಗ್ ಫಿಲ್ಟರಿನ ಬಟ್ಟೆಚೀಲಗಳನ್ನು ಹಾಯುತ್ತದೆ. ಪಾಲಿಯೆಸ್ಟರ್ ಚೀಲ ಸುಮಾರು 130 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಬಹುಕಾಲ ಬಾಳದು. ಹೀಗಾಗಿ ಕ್ಯೂಪೋಲಾದ ಹೊಗೆಯನ್ನು ಮೊದಲು ತಣಿಸಿ, ಕಿಡಿ ಆರಿಸಬೇಕು. ಫಿಲ್ಟರಿನ ಆರೋಗ್ಯ ತಿಳಿಯಲು ಗೋಡೆಯ ಮೇಲಿನ ಯು ಆಕಾರದ ಗಾಜಿನ ನಳಿಕೆ ಸಾಕು. ಅದರ ಎರಡು ತೋಳುಗಳಲ್ಲಿನ ಬಣ್ಣದ ನೀರಿನ ಅಂತರ ದಿನೇ ದಿನೇ ಏರುತ್ತಿದ್ದರೆ ಚೀಲ ಕಟ್ಟಿಕೊಂಡಿದೆ, ಒಮ್ಮೆಲೇ ಕುಸಿದರೆ ಎಲ್ಲೋ ಹರಿದಿದೆ. ಪಾಳಿಗೊಮ್ಮೆ ಈ ಅಳತೆ ಬರೆದಿಡದ ಕಡೆ ಎಷ್ಟೇ ದುಬಾರಿ ಯಂತ್ರವಿದ್ದರೂ ಅದು ಧೂಳು ಹಿಡಿಯುತ್ತಿದೆ ಎನ್ನಲಾಗದು.

ಖಾನಾಪುರದ ಕಡೆ ಸಮಸ್ಯೆಯ ರೂಪ ಬೇರೆ. ಕುಂಬಾರಿಕೆಗೂ ಹಂಚಿಗೂ ಒದಗಿದ ಅಲ್ಲಿನ ಮಣ್ಣು ಇಟ್ಟಂಗಿ ಭಟ್ಟಿಗಳನ್ನೂ ಬೆಳೆಸಿದೆ. ಕೇಂದ್ರ ಸರ್ಕಾರದ 2022ರ ಅಧಿಸೂಚನೆ ಭಟ್ಟಿಯ ಹೊಗೆಗೆ ಘನ ಮೀಟರಿಗೆ 250 ಮಿಲಿಗ್ರಾಂ ಕಣಗಳ ಮಿತಿ ಹಾಕಿ, ಜಿಗ್‌ಜಾಗ್‌ನಂಥ ಪದ್ಧತಿಗಳನ್ನು ಕಡ್ಡಾಯ ಮಾಡಿತು. ಹಸಿ ಇಟ್ಟಂಗಿಗಳನ್ನು ಅಂಕುಡೊಂಕಾಗಿ ಜೋಡಿಸಿದಾಗ ಗಾಳಿ ತಿರುತಿರುಗಿ ಸಾಗಿ ಇಂಧನದೊಡನೆ ಚೆನ್ನಾಗಿ ಬೆರೆಯುತ್ತದೆ. ಕಲ್ಲಿದ್ದಲನ್ನೂ ಒಮ್ಮೆಲೇ ಸುರಿಯದೆ, ಸಣ್ಣ ಸಲಿಕೆಯಿಂದ ಬಿಡುವಿಲ್ಲದೆ ಸ್ವಲ್ಪ ಸ್ವಲ್ಪವೇ ಹಾಕುತ್ತಿರಬೇಕು. ಹೆಚ್ಚು ಸುರಿದೊಡನೆ ಚಿಮಣಿಯಿಂದ ಕಪ್ಪು ಹೊಗೆಯಾಗಿ ಹೊರಬೀಳುವುದು ಪೂರ್ತಿ ಉರಿಯದ ಕಲ್ಲಿದ್ದಲೇ.