ಊತದ ನೀರು ಎಲ್ಲಿಂದ ಬಂತು?



ನಿಮ್ಮಲ್ಲಿ ಕೆಲವರಿಗಾದರೂ ಜೇನುಹುಳು ಕಚ್ಚಿರಬಹುದು. ಅದು ಚುಚ್ಚಿ ಬಿಡುವ ವಿಷ ಒಂದು ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೈ ಊದಿಕೊಳ್ಳುತ್ತದೆ. ಆ ಊತದೊಳಗಿನ ನೀರು ಎಲ್ಲಿಂದ ಬಂತು? ನಮ್ಮ ರಕ್ತದಿಂದಲೇ ಬಂತು. ಹೇಗೆ ಎಂಬುದನ್ನು ಈಗ ನೋಡೋಣ.

ರಕ್ತನಾಳಗಳ ಒಳಮೈಗೆ ಎಂಡೋಥೀಲಿಯಂ ಎಂಬ ಪದರವಿದೆ. ಅದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ನೆಲಕ್ಕೆ ಹಾಸಿದ ಕಲ್ಲುಗಳಂತೆ ಈ ಕೋಶಗಳು ಅಂಚಿಗೆ ಅಂಚು ಕೂಡಿಕೊಂಡಿರುತ್ತವೆ. ನೀರು, ಲವಣ, ಸಕ್ಕರೆ ಇವು ಹೊರಹೋಗಬಲ್ಲವು. ದೊಡ್ಡ ಪ್ರೋಟೀನುಗಳು ಬಹುಮಟ್ಟಿಗೆ ಒಳಗೇ ಉಳಿಯುತ್ತವೆ.

ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ವಿಷ ತಗುಲಿದೊಡನೆ ಅವು ತಮ್ಮಲ್ಲಿ ಕೂಡಿಟ್ಟ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದು ಎಂಡೋಥೀಲಿಯಂ ಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ನಮ್ಮ ಸ್ನಾಯುಗಳಲ್ಲಿರುವಂಥ ಆಕ್ಟಿನ್, ಮಯೋಸಿನ್ ಎಳೆಗಳು ಇಲ್ಲಿಯೂ ಇವೆ. ಅವು ಕೋಶವನ್ನು ಕುಗ್ಗಿಸುತ್ತವೆ. ಅಂಚಿನ ಬೆಸುಗೆ ಸಡಿಲಗೊಂಡು ಕೋಶಗಳ ನಡುವೆ ಬಿರುಕು ತೆರೆಯುತ್ತದೆ.

1961ರಲ್ಲಿ ಮಾಯ್ನೊ ಮತ್ತು ಪಲಾಡೆ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಈ ಬಿರುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿಕೊಟ್ಟರು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಅವು ಕಿರಿದು. ಅವು ಕಂಡದ್ದು ಮುಖ್ಯವಾಗಿ ಅತಿ ಸಣ್ಣ ಅಭಿಧಮನಿಗಳಲ್ಲಿ.

ಬಿರುಕಿನ ಮೂಲಕ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಬರುತ್ತದೆ. ಜೊತೆಗೆ ಬಂದ ಪ್ರೋಟೀನುಗಳು ನೀರನ್ನು ಹಿಡಿದಿಡುತ್ತವೆ. ಅದೇ ಊತ. ಗಮನಿಸಿ, ಇದು ದೇಹದ ತಪ್ಪಲ್ಲ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಗಾಯದ ಜಾಗವನ್ನು ತಲುಪುವುದು ಈ ಬಾಗಿಲಿನಿಂದಲೇ. ಬ್ರಾಡಿಕೈನಿನ್, ಲ್ಯೂಕೋಟ್ರೈನ್ ಮುಂತಾದವೂ ಇದೇ ಕೆಲಸ ಮಾಡುತ್ತವೆ.

ಆದರೆ ಊರಿನ ಎಲ್ಲ ತೂಬುಗಳನ್ನೂ ಒಮ್ಮೆಗೇ ತೆರೆದರೆ ಕೆರೆ ಉಳಿದೀತೇ? ವಿಷವು ಮೈಗೊಗ್ಗದ ಕೆಲವರಲ್ಲಿ ಮೈತುಂಬ ಹಿಸ್ಟಮಿನ್ ಬಿಡುಗಡೆಯಾಗುತ್ತದೆ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರು. ತೀವ್ರವಾದಾಗ ಹತ್ತೇ ನಿಮಿಷಗಳಲ್ಲಿ ನಾಳಗಳೊಳಗಿನ ದ್ರವದ ಸುಮಾರು ಮೂರನೆಯ ಒಂದು ಭಾಗ ಸೋರಿಹೋಗಬಹುದು. ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದಿ ಉಸಿರು ಕಟ್ಟುತ್ತದೆ.

ಆಗ ಜೀವ ಉಳಿಸುವ ಮೊದಲ ಔಷಧಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದು ನಾಳಗಳನ್ನು ಬಿಗಿಗೊಳಿಸಿ ಸೋರಿಕೆಯನ್ನು ತಡೆಯುತ್ತದೆ, ಮಾಸ್ಟ್ ಕೋಶಗಳನ್ನೂ ಹತೋಟಿಗೆ ತರುತ್ತದೆ. ಅಲರ್ಜಿಯ ಮಾತ್ರೆ ತುರಿಕೆಯನ್ನು ಇಳಿಸೀತು, ಕುಸಿದ ರಕ್ತದೊತ್ತಡವನ್ನು ಎತ್ತಲಾರದು.

ಆದ್ದರಿಂದ ಜೇನು ಕಚ್ಚಿದವರಿಗೆ ಮೈಯೆಲ್ಲ ದದ್ದು, ಉಬ್ಬಸ, ನಾಲಗೆಯ ಊತ, ತಲೆಸುತ್ತು ಕಂಡರೆ ಮಾತ್ರೆ ಕೊಟ್ಟು ಕಾಯುತ್ತ ಕೂರಬೇಡಿ. ಅವರನ್ನು ನಡೆಸದೆ ಮಲಗಿಸಿ, ಕಾಲುಗಳನ್ನು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಕೂಡಲೇ ಆಸ್ಪತ್ರೆಗೆ ಸಾಗಿಸಿ. ಕಣ್ಣಿಗೆ ಕಾಣದ ಆ ಬಿರುಕುಗಳನ್ನು ಮುಚ್ಚಲು ಇರುವ ಸಮಯ ಕೆಲವೇ ನಿಮಿಷ.